ಬೆಳಗ್ಗೆ ಲಾಲ್‌ಬಾಗ್, ಸಂಜೆ ಟಿಪ್ಪು ಅರಮನೆ: ಹವ್ಯಾಸಿ ಛಾಯಾಗ್ರಾಹಕರಿಗೆ ಒಂದು ದಿನದ ಯೋಜನೆ

ಪ್ರಶ್ನೆ: ನಾನು ದಾವಣಗೆರೆಯವನು, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಛಾಯಾಗ್ರಹಣ ನನ್ನ ಹವ್ಯಾಸ. ಎಪಿಎಸ್-ಸಿ ಸೆನ್ಸರ್‌ನ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಎಂಎಂ ಲೆನ್ಸ್ ಮತ್ತು 50 ಎಂಎಂ ಎಫ್/1.8 ಲೆನ್ಸ್ ನನ್ನಲ್ಲಿವೆ. ಕಳೆದ ಆಗಸ್ಟ್‌ನ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗ್‌ಗೆ ಹೋಗಿ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಸಿಲಿನಲ್ಲಿ ತಿರುಗಿ ನೂರಾರು ಚಿತ್ರಗಳನ್ನು ತೆಗೆದೆ. ಮನೆಗೆ ಬಂದು ನೋಡಿದರೆ ಚಿತ್ರಗಳೆಲ್ಲ ಸಪ್ಪೆಯಾಗಿವೆ, ಗಾಜಿನ ಮನೆ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ಕೆಂಪು ಹೂವುಗಳು ಎಸಳುಗಳೇ ಇಲ್ಲದೆ ಕುಂಕುಮ ಚೆಲ್ಲಿದಂತೆ ಬಂದಿವೆ. ಬರುವ ಜನವರಿಯಲ್ಲಿ ಮಗಳ ಮನೆಗೆ ಬೆಂಗಳೂರಿಗೆ ಬರುತ್ತಿದ್ದು, ಒಂದು ಪೂರ್ತಿ ದಿನ ನನ್ನ ಪಾಲಿಗೆ ಸಿಗಲಿದೆ. ಲಾಲ್‌ಬಾಗ್ ಜೊತೆಗೆ ಒಂದು ಐತಿಹಾಸಿಕ ಕಟ್ಟಡವನ್ನೂ ಸೆರೆಹಿಡಿಯುವ ಆಸೆಯಿದೆ. ದಿನವನ್ನು ಹೇಗೆ ಯೋಜಿಸಲಿ? ಪ್ರದರ್ಶನದ ದಿನಗಳಲ್ಲೇ ಬರುವುದು ಒಳ್ಳೆಯದೇ? ಹೊಸ ಲೆನ್ಸ್ ಕೊಳ್ಳಬೇಕೇ? ದಯವಿಟ್ಟು ತಿಳಿಸಿ.

ಉತ್ತರ: ನೀವು ಹೇಳಿರುವ ಮೂರು ದೋಷಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ, ಅವುಗಳಲ್ಲಿ ಒಂದಕ್ಕೂ ನಿಮ್ಮ ಲೆನ್ಸ್ ಹೊಣೆಯಲ್ಲ. ಚಿತ್ರಗಳು ಸಪ್ಪೆಯಾದದ್ದು ನೀವು ಹೋದ ಹೊತ್ತಿನಿಂದ, ಕಟ್ಟಡ ವಾಲಿದ್ದು ಕ್ಯಾಮೆರಾ ಹಿಡಿದ ಕೋನದಿಂದ, ಹೂವಿನ ಎಸಳುಗಳು ಅಳಿಸಿಹೋದದ್ದು ಎಕ್ಸ್‌ಪೋಷರ್‌ನಿಂದ, ಅಂದರೆ ಸೆನ್ಸರ್‌ಗೆ ಬಿದ್ದ ಬೆಳಕಿನ ಪ್ರಮಾಣದಿಂದ. ಈ ಮೂರನ್ನೂ ಸರಿಪಡಿಸಿಕೊಳ್ಳಲು ಹೆಚ್ಚು ಹಣ ಬೇಕಿಲ್ಲ, ದಿನದ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಂಡು ಒಂದೊಂದು ಕಡೆಯಲ್ಲೂ ಸಾಕಷ್ಟು ಹೊತ್ತು ನಿಲ್ಲುವ ತಾಳ್ಮೆ ಬೇಕು.

ಮೊದಲು ಹೊತ್ತಿನ ವಿಷಯ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹೀಗಾಗಿ ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ, ನಡುಹಗಲಿನ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಸರಿಯಾಗಿ ಈ ದಿನಗಳಲ್ಲೇ ನಡೆಯುತ್ತದೆ. ಮೋಡವಿದ್ದರೆ ಆಗಸ್ಟ್‌ನ ಬೆಳಕು ಹೂವುಗಳಿಗೆ ಬಹಳ ಹಿತವಾದದ್ದು, ಆದರೆ ನೀವು ಹೋದ ದಿನದಂತೆ ಬಿಸಿಲು ಬಿದ್ದರೆ ಪ್ರತಿಯೊಂದು ವಸ್ತುವಿನ ನೆರಳೂ ಅದರ ಬುಡದಲ್ಲೇ ಅಡಗಿಬಿಡುತ್ತದೆ. ವಸ್ತುವಿಗೆ ಚಿತ್ರದಲ್ಲಿ ದುಂಡುತನ ಬರುವುದು ಅದರ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ನೆರಳಾದಾಗ. ನೆತ್ತಿಯ ಸೂರ್ಯನಿಗೆ ಮಗ್ಗುಲೆಂಬುದೇ ಇಲ್ಲ. ಎಲೆಗಳ ಮೇಲ್ಮೈ ಹೊಳೆದು ಹಸಿರು ಬಿಳಿಚಿಕೊಳ್ಳುತ್ತದೆ, ಕಟ್ಟಡದ ಸೂರಿನ ಕೆಳಗೆ ಕಪ್ಪು ಪಟ್ಟಿ ಬೀಳುತ್ತದೆ, ಅಷ್ಟೇ.

ಜನವರಿಯ ಸೂರ್ಯನ ದಾರಿಯೇ ಬೇರೆ. ತಿಂಗಳ ಕೊನೆಯ ವಾರದಲ್ಲಿ ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ ಸುಮಾರು 6.15ಕ್ಕೆ. ಬೆಳಗ್ಗೆ 8 ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 16 ಡಿಗ್ರಿ ಎತ್ತರದಲ್ಲಿರುತ್ತಾನೆ, 10 ಗಂಟೆಗೆ ಸುಮಾರು 41 ಡಿಗ್ರಿ, ನಡುಹಗಲಿನಲ್ಲೂ 58 ಡಿಗ್ರಿಯ ಆಸುಪಾಸು, ಸಂಜೆ 4ಕ್ಕೆ ಮತ್ತೆ 30 ಡಿಗ್ರಿ. ಇದನ್ನು ನೆರಳಿನ ಲೆಕ್ಕದಲ್ಲಿ ಹೇಳುವುದಾದರೆ, ಆರಡಿ ಎತ್ತರದ ಮನುಷ್ಯನ ನೆರಳು ಎಂಟು ಗಂಟೆಗೆ ಇಪ್ಪತ್ತೊಂದು ಅಡಿಯಷ್ಟು ಉದ್ದವಿದ್ದು, ಹತ್ತು ಗಂಟೆಯ ಹೊತ್ತಿಗೆ ಏಳು ಅಡಿಗೆ ಇಳಿದಿರುತ್ತದೆ. ತೋಟದ ಒಳ್ಳೆಯ ಚಿತ್ರಗಳೆಲ್ಲ ಆ ಎರಡು ನೆರಳುಗಳ ನಡುವಿನ ಅವಧಿಯಲ್ಲಿವೆ ಎಂದುಕೊಂಡರೆ ತಪ್ಪಾಗದು. ಇನ್ನೊಂದು ಮಾತನ್ನೂ ಗಮನದಲ್ಲಿಡಿ. ಈ ತಿಂಗಳಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ, ದಕ್ಷಿಣದ ಆಕಾಶದಲ್ಲೇ ಸಾಗಿ, ನೈಋತ್ಯದಲ್ಲಿ ಮುಳುಗುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖವಿರುವ ಗೋಡೆಗಳಿಗೆ ದಿನವಿಡೀ ಬಿಸಿಲು, ಉತ್ತರಕ್ಕೆ ಮುಖವಿರುವ ಗೋಡೆಗಳಿಗೆ ದಿನವಿಡೀ ನೆರಳು. ಯಾವುದೇ ಕಟ್ಟಡದ ಮುಂದೆ ನಿಂತರೂ ಮೊದಲು ಫೋನಿನ ದಿಕ್ಸೂಚಿ ತೆಗೆದು ಆ ಮುಖ ಯಾವ ದಿಕ್ಕಿನದೆಂದು ನೋಡಿಕೊಂಡರೆ, ಅಲ್ಲಿ ಈಗ ನಿಲ್ಲಬೇಕೇ ಅಥವಾ ಆಮೇಲೆ ಬರಬೇಕೇ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಪ್ರದರ್ಶನದ ದಿನಗಳಲ್ಲಿ ಬರಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಗಣರಾಜ್ಯೋತ್ಸವದ ಪ್ರದರ್ಶನ ನೋಡಲು ಸೊಗಸಾದದ್ದು, ಕುಟುಂಬದೊಂದಿಗೆ ಒಮ್ಮೆ ಹೋಗಿಬನ್ನಿ. ಆದರೆ ಗಾಜಿನ ಮನೆಯ ಸುತ್ತ ಅಂದು ಜನಸಾಗರ ನೆರೆದಿರುತ್ತದೆ, ಒಂದೆಡೆ ಐದು ನಿಮಿಷ ನಿಂತು ಚೌಕಟ್ಟು ಕಟ್ಟಲು ಬಿಡುವಿರುವುದಿಲ್ಲ. ಜನವರಿಯ ಮೊದಲ ವಾರವನ್ನೋ ಫೆಬ್ರವರಿಯ ಆರಂಭವನ್ನೋ ಆರಿಸಿಕೊಳ್ಳಿ, ಅದರಲ್ಲೂ ವಾರದ ನಡುವಿನ ದಿನ ಸಿಕ್ಕರೆ ಬಹಳ ಒಳ್ಳೆಯದು.

ತೋಟ ಬೆಳಗ್ಗೆ ಆರಕ್ಕೇ ತೆರೆಯುತ್ತದೆ. ಸೂರ್ಯೋದಯಕ್ಕೆ ಮೊದಲೇ ಒಳಗಿದ್ದು, ನೇರವಾಗಿ ಬಂಡೆಗೆ ಹೋಗಿ. ಲಾಲ್‌ಬಾಗ್ ಬಂಡೆಯನ್ನು ಹೆಚ್ಚಿನವರು ಊರನ್ನು ನೋಡುವ ಜಗಲಿಯಾಗಿ ಬಳಸುತ್ತಾರೆಯೇ ಹೊರತು ಅದನ್ನೇ ನೋಡುವವರು ಕಡಿಮೆ. ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲರ್ ನೈಸ್ ಶಿಲೆಯಿದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಕುಳಿತು ಹತ್ತಿರದಿಂದ ನೋಡಿದರೆ ಬಿಳಿ ಮತ್ತು ಕಡುಬೂದು ಬಣ್ಣದ ಪಟ್ಟೆಗಳು ಅಲೆಯಲೆಯಾಗಿ ಮಡಿಚಿಕೊಂಡು ಹರಿದಿರುವುದು ಕಾಣುತ್ತದೆ. ಹಗಲು ಏರಿದ ಮೇಲೆ ಈ ಪಟ್ಟೆಗಳು ಬರಿಯ ಬಣ್ಣದ ಗೆರೆಗಳಾಗಿ ಉಳಿಯುತ್ತವೆ, ಆದರೆ ಸೂರ್ಯ ಹುಟ್ಟಿದ ಮೊದಲ ಅರ್ಧ ಗಂಟೆಯಲ್ಲಿ ಬೆಳಕು ಶಿಲೆಯ ಮೈಯನ್ನು ಸವರಿಕೊಂಡು ಹೋಗುವಾಗ ಒಂದೊಂದು ಉಬ್ಬಿಗೂ ಒಂದೊಂದು ತಗ್ಗಿಗೂ ತನ್ನದೇ ನೆರಳು ಬೀಳುತ್ತದೆ. ಕ್ಯಾಮೆರಾವನ್ನು ಬಂಡೆಯ ಮೇಲ್ಮೈಗೆ ಒಂದಡಿ ಎತ್ತರಕ್ಕೆ ಇಳಿಸಿ, 18 ಎಂಎಂನಲ್ಲಿ, ಪಟ್ಟೆಗಳು ಚೌಕಟ್ಟಿನ ಕೆಳಮೂಲೆಯಿಂದ ಹೊರಟು ಮೇಲಿನ ಗೋಪುರದತ್ತ ಸಾಗುವಂತೆ ನಿಲ್ಲಿ. ಕೆಂಪೇಗೌಡರ ಹೆಸರಿನ ನಾಲ್ಕು ಕಾವಲು ಗೋಪುರಗಳಲ್ಲಿ ಒಂದು ಈ ಬಂಡೆಯ ನೆತ್ತಿಯ ಮೇಲಿದೆ. ಗೋಪುರ ತೀರ ಚಿಕ್ಕದು; ಅದನ್ನು ಮಾತ್ರ ಜೂಮ್ ಮಾಡಿ ತೆಗೆದರೆ ಯಾವ ಊರಿನ ಮಂಟಪವೂ ಆಗಬಹುದು. ಅಷ್ಟು ದೊಡ್ಡ ಶಿಲೆಯ ಮೇಲೆ ಅಷ್ಟು ಚಿಕ್ಕ ಗೋಪುರ ನಿಂತಿದೆ ಎಂಬುದೇ ಆ ಚಿತ್ರದ ವಿಷಯ, ಆದ್ದರಿಂದ ಚೌಕಟ್ಟಿನ ಬಹುಪಾಲನ್ನು ಶಿಲೆಗೇ ಬಿಟ್ಟುಕೊಡಿ. ವಾಯುವಿಹಾರಕ್ಕೆ ಬಂದ ಹಿರಿಯರು ಚೌಕಟ್ಟಿನೊಳಗೆ ನಡೆದುಬಂದರೆ ಬೇಸರಪಡಬೇಡಿ, ದೂರದಲ್ಲಿ ಒಬ್ಬ ಮನುಷ್ಯನಿದ್ದರೆ ಬಂಡೆಯ ಅಳತೆ ನೋಡುವವರಿಗೆ ತಿಳಿಯುತ್ತದೆ.

ಏಳೂವರೆಯಿಂದ ಒಂಬತ್ತೂವರೆಯವರೆಗಿನ ಸಮಯವನ್ನು ಗಾಜಿನ ಮನೆಗೆ ಮತ್ತು ಅದರ ಸುತ್ತಲಿನ ಹೂವಿನ ಪಾತಿಗಳಿಗೆ ಮೀಸಲಿಡಿ. ಹೈದರಾಲಿ 1760ರಲ್ಲಿ ತೊಡಗಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮೆರಾನ್. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಇದಕ್ಕೆ ಮಾದರಿ. ಕಬ್ಬಿಣದ ತೆಳು ಕಂಬಗಳ ಮೇಲೆ ಗಾಜಿನ ಚಾವಣಿ ಹೊತ್ತ ಈ ಕಟ್ಟಡದ ಚೆಲುವಿರುವುದು ನೇರ ಗೆರೆಗಳಲ್ಲಿ. ಆ ಗೆರೆಗಳು ವಾಲಿದರೆ ಉಳಿಯುವುದೇನೂ ಇಲ್ಲ.

ವಾಲುವುದು ಏಕೆಂದರೆ, ಕಟ್ಟಡದ ತುದಿ ಚೌಕಟ್ಟಿನೊಳಗೆ ಬರಲೆಂದು ನಾವು ಕ್ಯಾಮೆರಾವನ್ನು ಮೇಲಕ್ಕೆ ಎತ್ತುತ್ತೇವೆ. ಆಗ ಸೆನ್ಸರ್ ಮತ್ತು ಕಂಬಗಳು ಒಂದಕ್ಕೊಂದು ಸಮಾನಾಂತರವಾಗಿ ಉಳಿಯುವುದಿಲ್ಲ. ಕಂಬದ ಬುಡಕ್ಕಿಂತ ತುದಿ ದೂರದಲ್ಲಿದ್ದಂತಾಗಿ, ಮೇಲೆ ಹೋದಂತೆಲ್ಲ ಗೆರೆಗಳು ಒಂದನ್ನೊಂದು ಸಮೀಪಿಸುತ್ತವೆ. ಪರಿಹಾರ ಸರಳ: ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯಬೇಕು, ಕಟ್ಟಡದ ತುದಿ ಚೌಕಟ್ಟಿಗೆ ಬರುವಷ್ಟು ಹಿಂದೆ ಸರಿಯಬೇಕು. ಎಷ್ಟು ಹಿಂದೆ ಎಂಬುದಕ್ಕೂ ಲೆಕ್ಕವಿದೆ. ನಿಮ್ಮ ಕ್ಯಾಮೆರಾದಲ್ಲಿ 18 ಎಂಎಂ ಇಟ್ಟು ಉದ್ದಕ್ಕೆ ಹಿಡಿದರೆ, ಕಣ್ಣಿನ ಮಟ್ಟದಿಂದ ಮೇಲಿರುವ ಕಟ್ಟಡದ ಎತ್ತರದ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರ ಸಾಕು. ಅಡ್ಡಕ್ಕೆ ಹಿಡಿದರೆ ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು ಬೇಕು. ಕಣ್ಣಿನ ಮಟ್ಟದಿಂದ ಹತ್ತು ಮೀಟರ್ ಎತ್ತರದ ಭಾಗಕ್ಕೆ ಉದ್ದ ಚೌಕಟ್ಟಿನಲ್ಲಿ ಹದಿನಾರು ಮೀಟರ್, ಅಡ್ಡ ಚೌಕಟ್ಟಿನಲ್ಲಿ ಇಪ್ಪತ್ತನಾಲ್ಕು ಮೀಟರ್ ದೂರ ಎಂದಿಟ್ಟುಕೊಳ್ಳಿ. ಗಾಜಿನ ಮನೆಯ ಸುತ್ತ ಅಷ್ಟು ಜಾಗ ಧಾರಾಳವಾಗಿದೆ. ಕ್ಯಾಮೆರಾದ ಪರದೆಯಲ್ಲಿ ಮಟ್ಟ ತೋರಿಸುವ ಗೆರೆ ಇರುತ್ತದೆ, ಅದನ್ನು ತೆರೆದಿಟ್ಟುಕೊಳ್ಳಿ.

ಮಟ್ಟಸವಾಗಿ ಹಿಡಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ: ದಿಗಂತ ಚೌಕಟ್ಟಿನ ನಟ್ಟನಡುವೆ ಬಂದು, ಕೆಳಗಿನ ಅರ್ಧವೆಲ್ಲ ಬರಿಯ ನೆಲವಾಗುತ್ತದೆ. ಹೆಚ್ಚಿನ ಹವ್ಯಾಸಿಗಳು ಕ್ಯಾಮೆರಾವನ್ನು ಮತ್ತೆ ಮೇಲಕ್ಕೆತ್ತುವುದು ಇದನ್ನು ಕಂಡೇ. ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿದೆ. ಆ ಕೆಳಗಿನ ಅರ್ಧವೇ ತೋಟದ ಜಾಗ. ನೀವು ತೋಟವನ್ನು ಒಂದು ಚಿತ್ರದಲ್ಲಿ, ಕಟ್ಟಡವನ್ನು ಇನ್ನೊಂದು ಚಿತ್ರದಲ್ಲಿ ತೆಗೆಯಲು ಹೊರಟಿರಿ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಆದರೆ ಗಾಜಿನ ಮನೆಯನ್ನು ಕಟ್ಟಿದ್ದೇ ಗಿಡಗಳಿಗಾಗಿ ಮತ್ತು ಅವುಗಳ ಪ್ರದರ್ಶನಕ್ಕಾಗಿ. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದಾಗ ಮಾತ್ರ ಆ ಜಾಗದ ಸ್ವರೂಪ ಚಿತ್ರದಲ್ಲಿ ಬರುತ್ತದೆ. ಹೂವಿನ ಪಾತಿಯ ಅಂಚಿಗೆ ಹೋಗಿ, ಮಂಡಿಯೂರಿ ಕುಳಿತು, ಪಾತಿಯ ಸಾಲುಗಳು ಕೆಳ ಅರ್ಧವನ್ನು ತುಂಬುವಂತೆಯೂ ಹುಲ್ಲುಹಾಸಿನ ಅಂಚಿನ ಗೆರೆ ಕಟ್ಟಡದ ಬಾಗಿಲಿನತ್ತ ಕಣ್ಣನ್ನು ಒಯ್ಯುವಂತೆಯೂ ನೋಡಿಕೊಳ್ಳಿ. ಲೆನ್ಸ್‌ನ ರಂಧ್ರವನ್ನು ಎಫ್/11ಕ್ಕೆ ಕಿರಿದಾಗಿಸಿ, ಸುಮಾರು ಎರಡು ಮೀಟರ್ ದೂರದ ಹೂವಿನ ಮೇಲೆ ಫೋಕಸ್ ಮಾಡಿದರೆ, 18 ಎಂಎಂನಲ್ಲಿ ಒಂದು ಮೀಟರಿನಷ್ಟು ಹತ್ತಿರದ ಎಸಳಿನಿಂದ ಹಿಡಿದು ಹಿಂದಿನ ಗಾಜಿನ ಚಾವಣಿಯವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಗಾಳಿಗೆ ಹೂವು ಅಲುಗುತ್ತಿದ್ದರೆ ಷಟರ್ ವೇಗ 1/250 ಸೆಕೆಂಡಿಗಿಂತ ಕೆಳಗಿಳಿಯದಂತೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಏರಿಸಿ. ಐಎಸ್‌ಒ 400 ಅಥವಾ 800ರಲ್ಲಿ ನಿಮ್ಮಂಥ ಕ್ಯಾಮೆರಾ ಒಂದಿಷ್ಟೂ ಕೆಡುವುದಿಲ್ಲ.

ತಿಳಿಬಣ್ಣದ ಕಬ್ಬಿಣ, ಹೊಳೆಯುವ ಗಾಜು, ಹಿಂದೆ ಬೆಳ್ಳನೆಯ ಆಕಾಶ ಸೇರಿದಾಗ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಮೋಸಹೋಗುತ್ತದೆ. ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿಯೆಂದು ಭಾವಿಸಿಯೇ ಅದು ಲೆಕ್ಕ ಹಾಕುವುದರಿಂದ ಕಟ್ಟಡ ಕಂದಿಹೋಗುತ್ತದೆ. ಮೀಟರಿನ ಲೆಕ್ಕವನ್ನು ತಿದ್ದುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು) ಏರಿಸಿ, ಆಕಾಶ ಪೂರ್ತಿ ಬಿಳಿಯಾಗಿಲ್ಲವೆಂದು ನೋಡಿಕೊಳ್ಳಿ. ಸಂಜೆ ಅರಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ತಿದ್ದುಪಡಿ ಬೇಕಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಈಗ ಕೆಂಪು ಹೂವು. ಇದು ಬಹಳ ಜನರನ್ನು ಕಾಡುವ ಸಮಸ್ಯೆ, ಕಾರಣ ತಿಳಿಯದೆ ಫೋಕಸ್ ತಪ್ಪಿತೆಂದು ಭಾವಿಸುವವರೇ ಹೆಚ್ಚು. ಕ್ಯಾಮೆರಾ ಪ್ರತಿ ಚಿತ್ರವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಲ್ಲಿ ದಾಖಲಿಸುತ್ತದೆ. ಸಾಲ್ವಿಯಾ ಅಥವಾ ಕಡುಗೆಂಪು ಗುಲಾಬಿಯ ಎಸಳಿನಲ್ಲಿ ಹಸಿರಿನ ಮತ್ತು ನೀಲಿಯ ಪಾಲು ಬಹಳ ಕಡಿಮೆ. ಎಸಳಿನ ನರಗಳು, ಮಡಿಕೆಗಳು, ಅಂಚಿನ ನೆರಳು ಇವೆಲ್ಲ ಹೆಚ್ಚಾಗಿ ಕೆಂಪು ಪದರದೊಳಗಿನ ಸಣ್ಣಪುಟ್ಟ ಏರಿಳಿತಗಳಲ್ಲೇ ಅಡಗಿರುತ್ತವೆ. ಬಿಸಿಲಿನಲ್ಲಿ ಆ ಪದರ ತನ್ನ ಗರಿಷ್ಠ ಮಟ್ಟವನ್ನು ಮುಟ್ಟಿಬಿಟ್ಟರೆ ಏರಿಳಿತಗಳೆಲ್ಲ ಒಂದೇ ಮಟ್ಟಕ್ಕೆ ಬಂದು, ಎಸಳಿದ್ದ ಕಡೆ ಬಣ್ಣದ ತೇಪೆ ಮಾತ್ರ ಉಳಿಯುತ್ತದೆ. ಆದರೆ ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವ ಹಿಸ್ಟೋಗ್ರಾಮ್, ಅಂದರೆ ಚಿತ್ರದ ಹೊಳಪಿನ ಹಂಚಿಕೆಯ ಗ್ರಾಫ್, ಇದನ್ನು ತೋರಿಸುವುದಿಲ್ಲ, ಏಕೆಂದರೆ ಒಟ್ಟು ಹೊಳಪಿನ ಆ ಲೆಕ್ಕದಲ್ಲಿ ಹಸಿರಿಗೆ ಹೆಚ್ಚಿನ ತೂಕ, ಕೆಂಪಿಗೆ ಅದಕ್ಕಿಂತ ಬಹಳ ಕಡಿಮೆ. ಎಲ್ಲವೂ ಸರಿಯಿದೆಯೆಂದು ಗ್ರಾಫ್ ಹೇಳುತ್ತಿರುವಾಗಲೇ ಕೆಂಪು ಪದರ ತುಂಬಿ ಹರಿದಿರುತ್ತದೆ.

ಆದ್ದರಿಂದ ಕ್ಯಾಮೆರಾದ ಮೆನುವಿನಲ್ಲಿ ಮೂರೂ ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ಆರಿಸಿಕೊಳ್ಳಿ. ಕೆಂಪಿನ ಗ್ರಾಫ್ ಬಲಗಡೆಯ ಗೋಡೆಗೆ ಒತ್ತಿಕೊಂಡಿದ್ದರೆ ಎಕ್ಸ್‌ಪೋಷರ್ ಅನ್ನು ಮೂರನೇ ಎರಡು ಭಾಗದಿಂದ ಒಂದು ಸ್ಟಾಪ್‌ವರೆಗೆ ಇಳಿಸಿ ಮತ್ತೆ ತೆಗೆಯಿರಿ. ಬಣ್ಣಗಳನ್ನು ಕೃತಕವಾಗಿ ಗಾಢಗೊಳಿಸುವ ವಿವಿಡ್ ಮೊದಲಾದ ಪಿಕ್ಚರ್ ಸ್ಟೈಲ್‌ಗಳನ್ನು ಬಿಟ್ಟು ನ್ಯೂಟ್ರಲ್ ಬಳಸಿ, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಇಡುವ ರಾ ಫೈಲ್‌ನಲ್ಲಿ ಉಳಿಸಿಕೊಳ್ಳಿ. ಇದಕ್ಕಿಂತ ಮುಖ್ಯವಾಗಿ, ಕೆಂಪು ಹೂವಿನ ಮೇಲೆ ನೇರ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಸೂರ್ಯನಿಗೂ ಹೂವಿಗೂ ನಡುವೆ ನೀವೇ ನಿಂತು ನೆರಳು ಮಾಡಬಹುದು, ಬಿಳಿಯ ಕೊಡೆಯೊಂದಿದ್ದರೆ ಇನ್ನೂ ಉತ್ತಮ. ನೆರಳಿಗೆ ಬಂದ ಕೂಡಲೇ ಎಸಳಿನ ನಡುನರ ಮತ್ತು ಅಂಚಿನ ತೆಳು ಸುಕ್ಕುಗಳು ಬರಿಗಣ್ಣಿಗೇ ಎದ್ದು ಕಾಣುವುದನ್ನು ಗಮನಿಸಿ. ಕಣ್ಣಿಗೆ ಕಂಡದ್ದು ಆಗ ಸೆನ್ಸರ್‌ಗೂ ಸಿಗುತ್ತದೆ. ಹತ್ತಿರದ ಚಿತ್ರಗಳಿಗೆ 50 ಎಂಎಂ ಲೆನ್ಸ್‌ಗಿಂತ ನಿಮ್ಮ 18-55ರ 55 ಎಂಎಂ ತುದಿಯೇ ಅನುಕೂಲ, ಸಾಮಾನ್ಯವಾಗಿ ಅದು ಹೂವಿಗೆ ಇನ್ನಷ್ಟು ಹತ್ತಿರದಿಂದ ಫೋಕಸ್ ಮಾಡುತ್ತದೆ. ಹೂವಿನ ಹಿಂದೆ ಏನಿದೆಯೆಂದು ನೋಡಿಯೇ ಕ್ಲಿಕ್ಕಿಸಿ. ಕಸದ ಬುಟ್ಟಿಯೋ ನಾಮಫಲಕವೋ ಇದ್ದರೆ ಒಂದಡಿ ಪಕ್ಕಕ್ಕೆ ಸರಿದರೆ ಸಾಕು, ಹೂವನ್ನು ಬಗ್ಗಿಸುವ, ಗಿಡವನ್ನು ಕಟ್ಟುವ ಕೆಲಸಕ್ಕೆ ಹೋಗಬಾರದು.

ಹತ್ತು ಗಂಟೆಯ ಮೇಲೆ ಬಯಲಿನ ಚಿತ್ರಗಳನ್ನು ನಿಲ್ಲಿಸಿ ಮರಗಳ ಕೆಳಗೆ ಹೋಗಿ. 240 ಎಕರೆಯ ಈ ತೋಟದ ನಿಜವಾದ ಸಂಪತ್ತು ಅದರ ಹಳೆಯ ಮರಗಳು. ಬಿಳಿಬೂರುಗದ ಹಲಗೆಯಂಥ ಬೇರುಗಳು ಕಾಂಡದಿಂದ ಹೊರಚಾಚಿ ನೆಲಕ್ಕಿಳಿಯುವ ರೀತಿ, ತೊಗಟೆಯ ಬಿರುಕುಗಳು, ನೆರಳಿನಲ್ಲಿ ಸೋಸಿ ಬಂದ ಬೆಳಕು ಇವು ನಡುಹಗಲಿನಲ್ಲೂ ಚಿತ್ರಕ್ಕೆ ಒದಗುವ ವಸ್ತುಗಳು. 1908ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಈ ತೋಟದ ಹೊಣೆ ಹೊತ್ತಿದ್ದ ಜರ್ಮನ್ ಸಸ್ಯತಜ್ಞ ಕ್ರುಂಬಿಗೆಲ್ ಅವರು, ವರ್ಷದ ಯಾವ ತಿಂಗಳಲ್ಲೂ ಬೆಂಗಳೂರಿನಲ್ಲಿ ಯಾವುದಾದರೊಂದು ಮರ ಹೂಬಿಟ್ಟಿರುವಂತೆ ಗಿಡಗಳನ್ನು ಆರಿಸಿ ನೆಡುವ ಪದ್ಧತಿಯನ್ನು ಬೆಳೆಸಿದರು. ನೀವು ಫೆಬ್ರವರಿಗೆ ದಿನವನ್ನು ಮುಂದೂಡಲು ಸಾಧ್ಯವಾದರೆ ಟಬೂಬಿಯಾ ಮರಗಳು ಎಲೆಯುದುರಿಸಿ ಹೂವನ್ನಷ್ಟೇ ಹೊತ್ತು ನಿಲ್ಲುವುದನ್ನು ಕಾಣುವ ಸಾಧ್ಯತೆ ಹೆಚ್ಚು. ಎಲೆಗಳ ಮೇಲಿನ ಹೊಳಪು ಕಾಡಿದರೆ ಪೋಲರೈಸರ್ ಫಿಲ್ಟರ್ ತಿರುಗಿಸಿ ನೋಡಿ, ಹೊಳಪು ಅಳಿದು ಹಸಿರು ತನ್ನ ನಿಜಬಣ್ಣಕ್ಕೆ ಬರುತ್ತದೆ. ಸುಮಾರು ಒಂದೂವರೆ ಸ್ಟಾಪ್ ಬೆಳಕನ್ನು ಅದು ನುಂಗುತ್ತದೆ ಎಂಬುದು ನೆನಪಿರಲಿ. 18 ಎಂಎಂನಲ್ಲಿ ಆಕಾಶವನ್ನು ಸೇರಿಸುವಾಗ ಮಾತ್ರ ಅದನ್ನು ಬಳಸಬೇಡಿ, ನೀಲಿ ಒಂದು ಕಡೆ ಗಾಢವಾಗಿ ಇನ್ನೊಂದು ಕಡೆ ತೆಳುವಾಗಿ ಬರುತ್ತದೆ.

ನಡುಹಗಲು ಊಟಕ್ಕೂ ವಿಶ್ರಾಂತಿಗೂ ಇರಲಿ. ಬಳಿಕ ಲಾಲ್‌ಬಾಗ್ ಮೆಟ್ರೋ ನಿಲ್ದಾಣದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಕಡೆಗೆ ಎರಡನೆಯ ನಿಲ್ದಾಣವಾದ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆ ನಡಿಗೆಯ ದೂರದಲ್ಲಿದೆ. ನಿಮ್ಮ ಐತಿಹಾಸಿಕ ಕಟ್ಟಡಕ್ಕೆ ಇದನ್ನೇ ಸೂಚಿಸಲು ಕಾರಣವಿದೆ. ಹೈದರಾಲಿ ಲಾಲ್‌ಬಾಗ್ ತೊಡಗಿಸಿದಂತೆಯೇ ಈ ಅರಮನೆಯನ್ನೂ 1781ರಲ್ಲಿ ತೊಡಗಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಬೆಳಗ್ಗೆ ಕಂಡ ತೋಟಕ್ಕೂ ಸಂಜೆ ಕಾಣುವ ಕಟ್ಟಡಕ್ಕೂ ಕಾರಣಕರ್ತರು ಅದೇ ತಂದೆ ಮಗ. ಟಿಪ್ಪುವಿನ ಮರಣದ ನಂತರ ಬ್ರಿಟಿಷರ ಆಡಳಿತ ಕಚೇರಿಯೂ ಇಲ್ಲೇ ಇದ್ದು, 1868ರಲ್ಲಿ ಇಂದಿನ ಹೈಕೋರ್ಟ್ ಕಟ್ಟಡವಾದ ಅಠಾರಾ ಕಚೇರಿಗೆ ಹೋಯಿತು.

ಮೂರೂವರೆಯ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ, ಸಂಜೆ ಬಾಗಿಲು ಮುಚ್ಚುತ್ತಾರೆ. ಅರಮನೆಯ ಮೇಲಂತಸ್ತಿನಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಮೊಗಸಾಲೆಗಳಿವೆ, ಟಿಪ್ಪು ದರ್ಬಾರು ನಡೆಸುತ್ತಿದ್ದದ್ದು ಅಲ್ಲಿಂದ. ನಾಲ್ಕು ಗಂಟೆಯ ಬಿಸಿಲು ಪಶ್ಚಿಮದ ಮುಖಕ್ಕೆ ಓರೆಯಾಗಿ ಬಿದ್ದು ಕಂಬಗಳ ಸಾಲಿನೊಳಗೆ ನುಗ್ಗುತ್ತದೆ. ಬೆಳಗ್ಗೆ ಕಲಿತ ಮಟ್ಟಸದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಹೊರಗಿನ ಹುಲ್ಲುಹಾಸನ್ನು ಕೆಳಗಿನ ಅರ್ಧಕ್ಕೆ ತೆಗೆದುಕೊಂಡು ಒಂದು ಪೂರ್ಣ ಚಿತ್ರ ತೆಗೆಯಿರಿ, ಆಮೇಲೆ ಒಳಗೆ ಬನ್ನಿ.

ಒಳಗಿರುವುದು ತೇಗ. ಕಡುಕಂದು ಬಣ್ಣದ ಎತ್ತರದ ಕಂಬಗಳು, ಅವುಗಳ ನಡುವೆ ಅಲೆಯಂಚಿನ ಕಮಾನುಗಳು, ಗೋಡೆಯ ಮೇಲೆ ಮಸುಕಾದ ಹೂಬಳ್ಳಿಯ ಚಿತ್ರಗಳು. ಇಷ್ಟೊಂದು ಕಪ್ಪನ್ನು ಕಂಡ ಮೀಟರ್, ಬೆಳಗ್ಗೆ ಗಾಜಿನ ಮನೆಯನ್ನು ಕಂದಿಸಿದ ಅದೇ ತರ್ಕದಿಂದ, ಈಗ ತೇಗವನ್ನು ತಿಳಿಗೊಳಿಸಿ ಪೇಲವ ಮಾಡುತ್ತದೆ. ಇಲ್ಲಿ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಮುಕ್ಕಾಲಿನಿಂದ ಒಂದು ಸ್ಟಾಪ್ ಇಳಿಸಬೇಕು. ಬಣ್ಣದ ಛಾಯೆಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಮರದ ಬೆಚ್ಚನೆಯ ಬಣ್ಣವನ್ನು ಕ್ಯಾಮೆರಾ ದೋಷವೆಂದು ತಿಳಿದು ತೊಳೆದುಬಿಡುತ್ತದೆ, ಡೇಲೈಟ್‌ಗೆ ಬದಲಿಸಿ. ಹೊರಗಿನ ಅಂಗಳವೂ ಕಮಾನಿನ ಒಳಭಾಗವೂ ಒಂದೇ ಚೌಕಟ್ಟಿನಲ್ಲಿದ್ದರೆ ಹೊರಗಿನ ಬೆಳಕಿಗೆ ಹೊಂದಿಸಿ ರಾ ಫೈಲ್‌ನಲ್ಲಿ ತೆಗೆಯಿರಿ. ನೆರಳನ್ನು ಆಮೇಲೆ ಎತ್ತಬಹುದು, ಬಿಳಿಯಾಗಿ ಅಳಿಸಿಹೋದ ಭಾಗವನ್ನು ಮರಳಿ ತರಲಾಗದು.

ಕಮಾನುಗಳ ಸಾಲಿಗೆ ನಿಮ್ಮ 50 ಎಂಎಂ ಲೆನ್ಸ್ ಹೇಳಿಮಾಡಿಸಿದ್ದು. ಅಗಲ ಕೋನದಲ್ಲಿ ಮೊದಲ ಕಮಾನು ದೊಡ್ಡದಾಗಿ, ಉಳಿದವು ದೂರದಲ್ಲಿ ಕುಗ್ಗಿಹೋಗುತ್ತವೆ. ಹಿಂದೆ ಸರಿದು 50ರಲ್ಲಿ ನೋಡಿದರೆ ಒಂದರೊಳಗೊಂದು ಕಮಾನು ಕೂತಂತೆ ಸಾಲು ಒತ್ತೊತ್ತಾಗಿ ಬರುತ್ತದೆ. ಸಾಲಿನ ನಡುಗೆರೆಯ ಮೇಲೆ ನಿಖರವಾಗಿ ನಿಲ್ಲಬೇಕು, ಅರ್ಧ ಅಡಿ ಆಚೀಚೆಯಾದರೂ ಸಮತೋಲ ಕೆಡುತ್ತದೆ. ಎಫ್/5.6, ಐಎಸ್‌ಒ 1600, ಷಟರ್ 1/80ರ ಸುಮಾರಿನಿಂದ ಆರಂಭಿಸಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕು, ಆದ್ದರಿಂದ ಅದನ್ನು ಮನೆಯಲ್ಲೇ ಬಿಟ್ಟುಬನ್ನಿ. ಕಂಬಕ್ಕೆ ಒರಗಬೇಡಿ, ಮೊಣಕೈಗಳನ್ನು ಮೈಗೆ ಒತ್ತಿ, ಉಸಿರು ಬಿಟ್ಟ ಕ್ಷಣದಲ್ಲಿ ಒತ್ತಿದರೆ ಕೈಯಲ್ಲೇ ನಡೆಯುತ್ತದೆ. ಗೋಡೆಚಿತ್ರಗಳ ಮೇಲೆ ಫ್ಲಾಷ್ ಬೇಡವೇ ಬೇಡ. ಅದು ಬಣ್ಣಕ್ಕೂ ಹಿತವಲ್ಲ, ನಿಮ್ಮ ಚಿತ್ರಕ್ಕೂ ಹಿತವಲ್ಲ. ಓರೆಬೆಳಕಿನಲ್ಲಿ ಕಾಣುವ ಗಾರೆಯ ಉಬ್ಬುತಗ್ಗುಗಳನ್ನು ಫ್ಲಾಷ್ ಚಪ್ಪಟೆ ಮಾಡಿಬಿಡುತ್ತದೆ.

ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನವಿದೆ, ತುಸು ದೂರದಲ್ಲಿ ಬೆಂಗಳೂರು ಕೋಟೆಯ ಉಳಿದ ಭಾಗವಿದೆ. ಎರಡೂ ನೋಡತಕ್ಕವು. ಆದರೂ ಛಾಯಾಗ್ರಹಣಕ್ಕೆಂದು ಅವುಗಳನ್ನು ಅದೇ ದಿನಕ್ಕೆ ತುರುಕಬೇಡಿ ಎಂದೇ ಹೇಳುತ್ತೇನೆ. ಸಂಜೆಯ ಒಂದೂವರೆ ಗಂಟೆಯ ಬೆಳಕನ್ನು ಮೂರು ಕಡೆ ಹಂಚಿದರೆ ಯಾವ ಕಡೆಗೂ ಸಾಲುವುದಿಲ್ಲ. ಲಾಲ್‌ಬಾಗ್‌ನಲ್ಲೂ ಅರಮನೆಯಲ್ಲೂ ಕ್ಯಾಮೆರಾ ಶುಲ್ಕ ಮತ್ತು ಅನುಮತಿಯ ನಿಯಮಗಳನ್ನು ಟಿಕೆಟ್ ಕೌಂಟರ್‌ನಲ್ಲೇ ಕೇಳಿಕೊಳ್ಳಿ, ಮಾಲಿಗಳನ್ನೋ ವಿಹಾರಿಗಳನ್ನೋ ಹತ್ತಿರದಿಂದ ತೆಗೆಯುವುದಾದರೆ ಅವರ ಒಪ್ಪಿಗೆ ಪಡೆಯಿರಿ.

ಮನೆಗೆ ಬಂದ ಮೇಲೆ ಗೆರೆಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ವಾಲುವಿಕೆಯನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಬಹುದು. ತಿದ್ದುವಾಗ ಅಂಚುಗಳು ಕತ್ತರಿಸಿಹೋಗುವುದರಿಂದ ತೆಗೆಯುವಾಗಲೇ ಕಟ್ಟಡದ ಸುತ್ತ ಒಂದಿಷ್ಟು ಜಾಗ ಬಿಟ್ಟಿರಬೇಕು. ಹೆಚ್ಚು ವಾಲಿದ್ದನ್ನು ಪೂರ್ತಿ ನೆಟ್ಟಗೆ ಮಾಡಲು ಹೋದರೆ ಕಟ್ಟಡದ ಮೇಲ್ಭಾಗ ಎಳೆದಂತಾಗಿ ಅಸಹಜವಾಗಿ ಕಾಣುತ್ತದೆ. ಕಳೆದ ಆಗಸ್ಟ್‌ನ ನಿಮ್ಮ ಚಿತ್ರಗಳನ್ನು ಹಾಗೆ ಉಳಿಸಿಕೊಳ್ಳುವ ಪ್ರಯತ್ನಕ್ಕಿಂತ ಮತ್ತೆ ತೆಗೆಯುವುದೇ ಮೇಲು.

ಹೊಸ ಲೆನ್ಸ್ ಈಗ ಬೇಡ. ಈ ಒಂದು ದಿನದ ಚಿತ್ರಗಳಿಂದ ನಿಮಗೆ ತೃಪ್ತಿ ಕೊಟ್ಟ ಹನ್ನೆರಡನ್ನು ಆರಿಸಿ, ಅವುಗಳ ಫೈಲ್ ಮಾಹಿತಿಯಲ್ಲಿ ಯಾವ ಫೋಕಲ್ ಲೆಂಗ್ತ್ ಇದೆಯೆಂದು ನೋಡಿ. ಹೆಚ್ಚಿನವು 18 ಎಂಎಂಗೇ ಅಂಟಿಕೊಂಡಿದ್ದು, ಹಿಂದೆ ಸರಿಯಲು ಜಾಗವಿಲ್ಲದೆ ಇಕ್ಕಟ್ಟಾಗಿದ್ದರೆ 10 ಅಥವಾ 12 ಎಂಎಂನಿಂದ ಆರಂಭವಾಗುವ ಅಗಲ ಕೋನದ ಲೆನ್ಸ್ ಉಪಯೋಗಕ್ಕೆ ಬಂದೀತು. 55ರಲ್ಲಿ ತೆಗೆದ ಹೂವಿನ ಚಿತ್ರಗಳೇ ಹೆಚ್ಚಿದ್ದು ಇನ್ನೂ ಹತ್ತಿರ ಹೋಗಬೇಕೆನಿಸಿದ್ದರೆ ಮ್ಯಾಕ್ರೋ ಲೆನ್ಸ್ ಬಗ್ಗೆ ಯೋಚಿಸಿ. ಎರಡೂ ಅಲ್ಲದೆ 25ರಿಂದ 50ರ ನಡುವೆಯೇ ಹರಡಿದ್ದರೆ, ಸದ್ಯಕ್ಕೆ ಒಂದು ಪೋಲರೈಸರ್ ಮತ್ತು ಬಿಳಿಯ ಕೊಡೆ ಕೊಂಡರೆ ಸಾಕು.